ಅಂಗವಿಕಲ ವೇತನ: ಕಾರ್ಡ್ ಬಂದರೂ ದುಡ್ಡು ಯಾಕೆ ಬರಲಿಲ್ಲ?

"ಕಾರ್ಡ್ ಬಂದು ಆರು ತಿಂಗಳಾಯ್ತು, ಅಕೌಂಟಿಗೆ ಒಂದು ರೂಪಾಯಿಯೂ ಬಿದ್ದಿಲ್ಲ." ಬೇಲೂರು, ಆಲೂರು, ಮೂಡಿಗೆರೆ, ಕಡೂರು, ಎಲ್ಲಿಯ ನಾಡಕಚೇರಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೀಗೆ ಕೇಳುವವರದ್ದು ತಪ್ಪೇನಲ್ಲ. ಅಂಗವಿಕಲರ ಗುರುತಿನ ಕಾರ್ಡ್ (ಯುಡಿಐಡಿ) ಕೊಟ್ಟಿದ್ದೂ ಸರ್ಕಾರ, ತಿಂಗಳ ವೇತನದ ದುಡ್ಡು ಕೊಡಬೇಕಾದದ್ದೂ ಸರ್ಕಾರ. ಒಂದು ಕಡೆ ಬರೆಸಿಕೊಂಡದ್ದು ಇನ್ನೊಂದು ಕಡೆಗೆ ತಾನಾಗಿಯೇ ಹೋಗಿರುತ್ತದೆ ಅಂದುಕೊಳ್ಳುವುದು ಸಹಜ, ಅಲ್ವಾ? ಆದರೆ ಹೋಗಿರುವುದಿಲ್ಲ.

ಈ ಕೆಲಸ ಮೂರು ಇಲಾಖೆಗಳ ನಡುವೆ ಹಂಚಿಹೋಗಿದೆ. ಅಂಗವೈಕಲ್ಯ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ಹೇಳುವವರು ಆರೋಗ್ಯ ಇಲಾಖೆಯ ವೈದ್ಯರು. ಗಾಲಿಕುರ್ಚಿ, ಶ್ರವಣ ಸಾಧನ, ತ್ರಿಚಕ್ರ ವಾಹನದಂಥ ಸೌಲಭ್ಯ ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ತಿಂಗಳ ವೇತನ ಮಂಜೂರು ಮಾಡುವುದು ಕಂದಾಯ ಇಲಾಖೆ, ಅಂದರೆ ತಹಶೀಲ್ದಾರರು. ವೈದ್ಯರು ಕೇಳುವುದು "ದೇಹಕ್ಕೆ ಏನಾಗಿದೆ" ಎಂದು. ತಹಶೀಲ್ದಾರರು ಕೇಳುವುದು "ಮನೆಗೆ ಎಷ್ಟು ಆದಾಯ ಬರುತ್ತದೆ" ಎಂದು. ಯುಡಿಐಡಿ ಕಾರ್ಡ್ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯದಕ್ಕೆ ಬೇರೆ ಅರ್ಜಿ ಹಾಕಬೇಕು. ಹಾಕದಿದ್ದರೆ ಕಾರ್ಡ್ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿರುತ್ತದೆ.

ಯಾರನ್ನು ಅಂಗವಿಕಲರು ಎಂದು ಲೆಕ್ಕ ಹಿಡಿಯುತ್ತಾರೆ?

1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರಲ್ಲಿ ಹೊಸ ಕಾಯ್ದೆ ಬಂತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಈಗ ಪಟ್ಟಿಯಲ್ಲಿ 21 ಇವೆ. ಕೈಕಾಲು, ಕಣ್ಣು, ಕಿವಿ ಮೊದಲಿಂದಲೂ ಇದ್ದವು. ಹೊಸದಾಗಿ ಸೇರಿದವುಗಳಲ್ಲಿ ಆಟಿಸಂ, ಕಲಿಕಾ ತೊಂದರೆ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡುಗೋಲು ಕಣ ರೋಗ, ಆಸಿಡ್ ದಾಳಿಯ ಗಾಯ, ಕುಬ್ಜತೆ ಇವೆ. ಕುಬ್ಜತೆ ಎಂದರೆ ಬೆಳೆದ ಮೇಲೂ ಎತ್ತರ 4 ಅಡಿ 10 ಅಂಗುಲ ಮೀರದಿರುವುದು. ಮಾನಸಿಕ ಕಾಯಿಲೆ ಹಳೇ ಕಾಯ್ದೆಯಲ್ಲೂ ಇತ್ತು. ಆದರೂ ಎಷ್ಟೋ ಮನೆಗಳಲ್ಲಿ ಅದಕ್ಕೆ ಅರ್ಜಿ ಹಾಕಬಹುದು ಎನ್ನುವುದೇ ಗೊತ್ತಿಲ್ಲ.

ಪಟ್ಟಿಯಲ್ಲಿ ಇಲ್ಲದ್ದನ್ನೂ ತಿಳಿದಿರಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕ್ಯಾನ್ಸರ್, ವಾರಕ್ಕೆರಡು ಸಲ ಡಯಾಲಿಸಿಸ್ ಆಗುವ ಕಿಡ್ನಿ ಕಾಯಿಲೆ, ಇವು ಯಾವುವೂ ಅದರಲ್ಲಿಲ್ಲ. ಮನುಷ್ಯ ಹಾಸಿಗೆ ಹಿಡಿದಿದ್ದರೂ ಕಾಯಿಲೆಯ ಹೆಸರಿನ ಮೇಲೆ ಪ್ರಮಾಣಪತ್ರ ಸಿಗುವುದಿಲ್ಲ. ಆದರೆ ಆ ಕಾಯಿಲೆಯಿಂದ ಕಾಲು ತೆಗೆಯಬೇಕಾಗಿ ಬಂದಿದ್ದರೆ, ದೃಷ್ಟಿ ಹೋಗಿದ್ದರೆ, ಆ ಕಾಲಿಗೆ ಅಥವಾ ಕಣ್ಣಿಗೆ ಸಿಗುತ್ತದೆ. ಅರ್ಜಿಯಲ್ಲಿ "ಶುಗರ್" ಎಂದು ಬರೆದು ತಿರಸ್ಕೃತವಾದದ್ದು, ಕಾಲಿನ ಹೆಸರಲ್ಲಿ ಹೋದರೆ ಪಾಸಾಗಬಹುದು. ಇದು ಮೋಸ ಅಲ್ಲ, ಸರಿಯಾದ ಬಾಗಿಲು ತಟ್ಟುವುದು ಅಷ್ಟೇ.

ಪರ್ಸೆಂಟ್ ಲೆಕ್ಕ

ಎಲ್ಲಾ ಜಗಳ ಇರುವುದು ಇಲ್ಲೇ. ವೇತನಕ್ಕೆ ಶೇ 40 ಇದ್ದರೆ ಒಳಗೆ, ಶೇ 39 ಆದರೆ ಹೊರಗೆ. ಈ ಅಂಕಿ ಕಷ್ಟವನ್ನು ಅಳೆಯುವುದಿಲ್ಲ. ವೈದ್ಯರು ನಿಮ್ಮ ಮುಖ ನೋಡಿ ಮನಸ್ಸಿಗೆ ಬಂದದ್ದನ್ನು ಬರೆಯುವುದೂ ಇಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿ, 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೆ. ಯಾವ ಅಂಗಕ್ಕೆ ಏನಾದರೆ ಎಷ್ಟು ಎನ್ನುವುದು ಅದರಲ್ಲಿದೆ. ಕೋಷ್ಟಕ ನೋಡಿ ಲೆಕ್ಕ ಹಾಕುತ್ತಾರೆ.

ಒಂದು ಕಣ್ಣನ್ನೇ ತೆಗೆದುಕೊಳ್ಳಿ. ಕಾಫಿ ಗಿಡದ ಕಸಿ ಮಾಡುವಾಗ, ಅಂದರೆ ಗಿಡ ಸವರುವಾಗ, ರೆಕ್ಕೆ (ಕೊಂಬೆ) ಚಿಮ್ಮಿ ಕಣ್ಣಿಗೆ ಹೊಡೆಯುವುದು ನಮ್ಮ ತೋಟಗಳಲ್ಲಿ ಹೊಸದಲ್ಲ. ಆ ಕಣ್ಣು ಪೂರ್ತಿ ಹೋಯಿತು, ಇನ್ನೊಂದು ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಅರ್ಧ ದೃಷ್ಟಿ ಹೋಯಿತಲ್ಲ, ಶೇ 50 ಆಗಬೇಕು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಕೋಷ್ಟಕದಲ್ಲಿ ಅದಕ್ಕಿರುವುದು ಶೇ 30. ಅಂದರೆ ಪ್ರಮಾಣಪತ್ರ ಸಿಗುತ್ತದೆ, ವೇತನ ಸಿಗುವುದಿಲ್ಲ. ಕಟುವಾಗಿ ಕಾಣುತ್ತದೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಒಂದೇ ಕಣ್ಣಿನಲ್ಲಿ ಎಷ್ಟು ಓಡಾಡಬಹುದು, ಎಷ್ಟು ಕೆಲಸ ಮಾಡಬಹುದು ಎನ್ನುವುದು ಆ ಲೆಕ್ಕದ ಹಿಂದಿನ ಯೋಚನೆ.

ಕಿವಿಯ ಲೆಕ್ಕ ಇನ್ನೂ ಬಿಗಿ. ಚೆನ್ನಾಗಿ ಕೇಳುವ ಕಿವಿಗೆ ಐದು ಪಟ್ಟು ತೂಕ ಕೊಡುತ್ತಾರೆ. ಅದರ ನಷ್ಟವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯ ನಷ್ಟ ಸೇರಿಸಿ, ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ಪೂರ್ತಿ ಕಿವುಡು, ಇನ್ನೊಂದು ಸರಿ ಇದ್ದರೆ ಬರುವುದು ಶೇ 17ರ ಆಸುಪಾಸು. ಹಾಗಾಗಿ ಒಂದೇ ಕಿವಿ ಹೋದವರು 40ರ ಗೆರೆ ಮುಟ್ಟುವುದಿಲ್ಲ. ಎರಡೂ ಕಿವಿಗಳಲ್ಲಿ ತಲಾ 60 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ನಷ್ಟ ಇದ್ದರೆ ಮಾತ್ರ ಕಾಯ್ದೆ ಅವರನ್ನು ಶ್ರವಣದೋಷ ಇರುವವರು ಎನ್ನುತ್ತದೆ.

ಈಗ ಎರಡು ತೊಂದರೆ ಒಟ್ಟಿಗೆ ಇದ್ದವರ ಮಾತು. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಬ್ಬರಿಗೆ ಒಂದು ಕಣ್ಣಿಲ್ಲ, ಶೇ 30. ಹಳೇ ಪೋಲಿಯೋದಿಂದ ಕಾಲಿನಲ್ಲೂ ಶೇ 30. ಬೇರೆ ಬೇರೆಯಾಗಿ ನೋಡಿದರೆ ಎರಡೂ 40ರ ಕೆಳಗೆ. ಕೂಡಿಸಿದರೆ 60 ಆಗುವುದಿಲ್ಲ, ಅದಕ್ಕೊಂದು ಸೂತ್ರ ಇದೆ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಿಂದ ಅದನ್ನು ಕಳೆಯಬೇಕು. ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. ಇಲ್ಲಿ 90ರಲ್ಲಿ 30 ಕಳೆದರೆ 60, ಅದನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 20. ಒಟ್ಟು 50. ಗೆರೆ ದಾಟಿತು! ಕಾಲಿನ ಡಾಕ್ಟರ ಮುಂದೆ ಕಣ್ಣಿನ ಮಾತು ಎತ್ತದೆ ಬಂದರೆ ಈ 50 ಎಂದಿಗೂ ಕಾಗದದ ಮೇಲೆ ಬರುವುದಿಲ್ಲ. ಆದ್ದರಿಂದ ಅರ್ಜಿ ಹಾಕುವಾಗಲೇ ಎಲ್ಲಾ ತೊಂದರೆಗಳನ್ನೂ ನಮೂದಿಸಿ, ಬಹುವಿಧ ಅಂಗವೈಕಲ್ಯ ಎಂದು ಕೇಳಿ.

ಬುದ್ಧಿಶಕ್ತಿಗೆ ಸಂಬಂಧಿಸಿದ ಅಂಗವೈಕಲ್ಯದಲ್ಲಿ ಹಂತಗಳಿವೆ. ಸೌಮ್ಯ ಹಂತಕ್ಕೆ ಶೇ 50, ಮಧ್ಯಮಕ್ಕೆ ಶೇ 75, ತೀವ್ರಕ್ಕೆ ಶೇ 90. ಐಕ್ಯೂ ಒಂದೇ ಅಲ್ಲ, ಮಗು ತಾನೇ ಊಟ ಮಾಡುತ್ತದಾ, ಬಟ್ಟೆ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಬರುತ್ತದಾ ಎಂದೆಲ್ಲ ಕೇಳುತ್ತಾರೆ. ಇಲ್ಲಿ ಅಮ್ಮಂದಿರು ಒಂದು ಎಡವಟ್ಟು ಮಾಡುತ್ತಾರೆ. ಮಗುವಿನ ಮರ್ಯಾದೆ ಉಳಿಸಲು "ಎಲ್ಲಾ ಮಾಡ್ತಾನೆ ಮೇಡಂ, ಸ್ವಲ್ಪ ನಿಧಾನ ಅಷ್ಟೇ" ಅಂದುಬಿಡುತ್ತಾರೆ. ನೀವು ಎದುರಿಗೆ ನಿಂತು ಹೇಳಿಕೊಟ್ಟರೆ ಮಾತ್ರ ಮಾಡುತ್ತಾನೆ ಎಂದಾದರೆ, ಅದನ್ನೇ ಹೇಳಿ. ಉಬ್ಬಿಸಬೇಡಿ, ಮುಚ್ಚಲೂಬೇಡಿ.

ಆಸ್ಪತ್ರೆಗೆ ಹೋಗುವ ಮುಂಚೆ

2021ರ ಜೂನ್‌ನಿಂದ ಪ್ರಮಾಣಪತ್ರ ಆನ್‌ಲೈನಿನಲ್ಲೇ ಆಗಬೇಕು. ಯುಡಿಐಡಿ ಕಾರ್ಡಿನ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಬೇಕು. ಮೊಬೈಲಿನಲ್ಲಿ ಮಾಡಲು ಬಾರದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಹುಡುಕಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂದರೆ ಅವರೇ. ಹೆಚ್ಚಾಗಿ ಅವರೂ ಅಂಗವಿಕಲರೇ, ಈ ದಾರಿಯಲ್ಲಿ ಓಡಾಡಿದವರು. ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಏಜೆಂಟಿಗೆ ದುಡ್ಡು ಕೊಡುವ ಮುಂಚೆ ಇವರಿಗೆ ಒಂದು ಫೋನ್ ಮಾಡಿ.

ಅರ್ಜಿಯಲ್ಲಿ ಆಸ್ಪತ್ರೆ ಆರಿಸುವಾಗ ಸ್ವಲ್ಪ ಯೋಚಿಸಿ. ಕೈಕಾಲಿನ ತಪಾಸಣೆ ಆಗುವ ಕಡೆ ಶ್ರವಣ ಪರೀಕ್ಷೆಯ ಯಂತ್ರ ಇರಬೇಕೆಂದಿಲ್ಲ, ಬುದ್ಧಿಶಕ್ತಿ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು ಇರಬೇಕೆಂದೂ ಇಲ್ಲ. ಅಂಥ ಪರೀಕ್ಷೆಗೆ ಹಾಸನದವರು ಜಿಲ್ಲಾ ಕೇಂದ್ರದ ಹಿಮ್ಸ್ ಆಸ್ಪತ್ರೆಗೆ, ಚಿಕ್ಕಮಗಳೂರಿನವರು ಜಿಲ್ಲಾಸ್ಪತ್ರೆಗೆ ಬರಬೇಕಾಗುತ್ತದೆ. ಕಳಸ, ಶೃಂಗೇರಿ ಕಡೆಯಿಂದ ಮಗುವನ್ನು ಎತ್ತಿಕೊಂಡು ಘಟ್ಟದ ರಸ್ತೆಯಲ್ಲಿ ಬಂದು, "ಆ ಡಾಕ್ಟರ್ ಇವತ್ತಿಲ್ಲ" ಎಂದು ಕೇಳಿಸಿಕೊಳ್ಳುವುದಕ್ಕಿಂತ ಹಿಂದಿನ ದಿನವೇ ವಿಚಾರಿಸುವುದು ವಾಸಿ. ಹಳೇ ಚೀಟಿ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಕೊಳ್ಳಿ.

ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ ಇರುವವರಿಗೆ ವಿಳಾಸವೇ ದೊಡ್ಡ ತಲೆನೋವು. ಕೆಲಸ ಸಕಲೇಶಪುರದಲ್ಲಿ, ಆಧಾರ್ ಇನ್ನೆಲ್ಲೋ. ನಿಯಮದ ಪ್ರಕಾರ ವಾಸವಿರುವ ಜಿಲ್ಲೆಯಲ್ಲಿ ಅಥವಾ ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯಲ್ಲಿ ಅರ್ಜಿ ಹಾಕಬಹುದು. ಪ್ರಮಾಣಪತ್ರ ಇಡೀ ದೇಶಕ್ಕೆ ನಡೆಯುತ್ತದೆ. ವೇತನ ಮಾತ್ರ ರಾಜ್ಯದ್ದು, ಅದಕ್ಕೆ ಇಲ್ಲಿಯ ನಿವಾಸಿ ಎಂದು ತೋರಿಸಲೇಬೇಕು.

ಕಾರ್ಡಿನ ಬಣ್ಣ ನೋಡಿ ಗಾಬರಿಯಾಗಬೇಡಿ. 2024ರ ತಿದ್ದುಪಡಿಯ ನಂತರ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ವೇತನದ ಅರ್ಜಿ

ಕಾರ್ಡ್ ಬಂದ ಮೇಲೆ ನಾಡಕಚೇರಿ, ಗ್ರಾಮ ಒನ್ ಅಥವಾ ಸೇವಾಸಿಂಧು ಮೂಲಕ ಅರ್ಜಿ ಹಾಕಬೇಕು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಈಗಲೂ ಶಾನುಭೋಗರು ಎಂದು ಕರೆಯುವವರು, ವಿಚಾರಣೆ ಮಾಡುತ್ತಾರೆ. ಕಂದಾಯ ನಿರೀಕ್ಷಕರು ಪರಿಶೀಲಿಸುತ್ತಾರೆ. ಕೊನೆಗೆ ತಹಶೀಲ್ದಾರರ ಆದೇಶ.

ಮೊತ್ತ ಹೀಗಿದೆ. ಶೇ 40ರಿಂದ 74 ಇದ್ದರೆ ತಿಂಗಳಿಗೆ 800 ರೂಪಾಯಿ. 2021ರ ಜುಲೈ ತನಕ ಅದು 600 ಇತ್ತು. ಶೇ 75 ಮತ್ತು ಮೇಲ್ಪಟ್ಟರೆ 1,400. ಬುದ್ಧಿಶಕ್ತಿಗೆ ಸಂಬಂಧಿಸಿದ ಅಂಗವೈಕಲ್ಯ ಶೇ 75 ಮತ್ತು ಮೇಲ್ಪಟ್ಟರೆ 2,000. ಮಗುವಿನ ಹಂತ ಸೌಮ್ಯವೋ ಮಧ್ಯಮವೋ ಎನ್ನುವುದು ಯಾಕೆ ಅಷ್ಟು ಮುಖ್ಯ ಎಂದು ಈಗ ಗೊತ್ತಾಯಿತಲ್ಲ. ತಿಂಗಳಿಗೆ 1,200 ರೂಪಾಯಿಯ ವ್ಯತ್ಯಾಸ ಅದು.

ಇನ್ನು ಆದಾಯ. ಇಡೀ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯೊಳಗೆ ಇರಬೇಕು. ತಿಂಗಳಿಗೆ 2,700 ರೂಪಾಯಿಯೂ ಆಗಲಿಲ್ಲ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮನೆಯಲ್ಲಿ ಒಬ್ಬರು ನೂರು ದಿನ ಪೂರ್ತಿ ಕೆಲಸ ಮಾಡಿದರೆ 37,000. ಸರ್ಕಾರವೇ ಕೊಡುವ ಕೂಲಿ ಸರ್ಕಾರದ್ದೇ ಮಿತಿಯನ್ನು ದಾಟಿಬಿಡುತ್ತದೆ! ಈ ಮಿತಿ ನೆಲದ ಮೇಲಿನ ಬದುಕಿಗೆ ಹೊಂದುವುದಿಲ್ಲ ಎಂದು ಹೇಳಲು ಅರ್ಥಶಾಸ್ತ್ರ ಓದಬೇಕಿಲ್ಲ. ನಿಜವಾಗಿ ಅರ್ಹರಾದವರು ತಿರಸ್ಕೃತರಾಗುವುದು ಪರ್ಸೆಂಟಿನಿಂದ ಎಷ್ಟೋ, ಈ ಗೆರೆಯಿಂದಲೂ ಅಷ್ಟೇ. ಅರ್ಜಿಗೆ ಮುಂಚೆ ಆದಾಯ ಪ್ರಮಾಣಪತ್ರದಲ್ಲಿ ಎಷ್ಟು ಬರೆದಿದೆ ಎಂದು ನೋಡಿಕೊಳ್ಳಿ. ಹಿಂದೆ ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಪತ್ರದಲ್ಲಿ ದೊಡ್ಡ ಅಂಕಿ ಇರಬಹುದು. ಮನೆಯ ಪರಿಸ್ಥಿತಿ ಈಗ ಬದಲಾಗಿದ್ದರೆ, ದುಡಿಯುತ್ತಿದ್ದವರೇ ಬಿದ್ದು ಮನೆ ಹಿಡಿದಿದ್ದರೆ, ಹೊಸದಾಗಿ ವಿಚಾರಣೆ ಮಾಡಿ ಎಂದು ಕೇಳುವುದು ನಿಮ್ಮ ಹಕ್ಕು.

ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ವಿಧವಾ ವೇತನ ಬರುತ್ತಿದ್ದರೆ ಅದರ ಜೊತೆ ಅಂಗವಿಕಲ ವೇತನ ಸಿಗುವುದಿಲ್ಲ. ಆದರೆ ಯಾವುದು ಹೆಚ್ಚೋ ಅದನ್ನು ಆರಿಸಿಕೊಳ್ಳಬಹುದು. 65 ದಾಟಿದ ಅಜ್ಜನಿಗೆ ಶೇ 45 ಅಂಗವೈಕಲ್ಯ ಇದೆ ಎಂದುಕೊಳ್ಳಿ. ಅಂಗವಿಕಲ ವೇತನ 800, ಸಂಧ್ಯಾ ಸುರಕ್ಷಾ 1,200. ಯಾವುದಕ್ಕೆ ಅರ್ಜಿ ಹಾಕಬೇಕು ಎಂದು ಬೇರೆ ಹೇಳಬೇಕಾ?

ಮಂಜೂರಾತಿ ಆದೇಶ ಬಂದೂ ದುಡ್ಡು ಬರದಿದ್ದರೆ ಬ್ಯಾಂಕಿನಲ್ಲಿ ಒಂದು ವಿಷಯ ಕೇಳಿ: ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ? ಪಾಸ್‌ಬುಕ್ ಕೊಟ್ಟ ಖಾತೆಗೇ ಹಣ ಬರುತ್ತದೆ ಎಂದೇನಿಲ್ಲ. ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಇನ್ಯಾವುದೋ ಯೋಜನೆಗೆಂದು ತೆರೆದು ಮರೆತುಬಿಟ್ಟ ಖಾತೆಯಲ್ಲಿ ತಿಂಗಳುಗಟ್ಟಲೆ ದುಡ್ಡು ಕೂತಿರುವುದುಂಟು. ಆಧಾರ್‌ನಲ್ಲಿ "ಮಂಜೇಗೌಡ", ಕಾರ್ಡಿನಲ್ಲಿ "ಮಂಜಯ್ಯ" ಎಂದಿದ್ದರೂ ಕೆಲಸ ನಿಲ್ಲುತ್ತದೆ. ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಉಳಿದದ್ದು.

ತೋಟದ ಅಪಘಾತದ ಪರ್ಸೆಂಟ್ ಬೇರೆ

ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಮೆಣಸು ಕೊಯ್ಯಲು ಸಿಲ್ವರ್ ಮರ ಹತ್ತಿದ ಆಳು ಏಣಿಯಿಂದ ಬಿದ್ದ ಎಂದುಕೊಳ್ಳಿ. ಅವನಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಈಗ ಹೇಳಿದ್ದು. ಇನ್ನೊಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಅಡಿ ಸಿಗುವ ನೌಕರರ ಪರಿಹಾರ (2025ರ ನವೆಂಬರ್ ತನಕ ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು). ಅದು ಸರ್ಕಾರ ಕೊಡುವ ಸಹಾಯಧನ ಅಲ್ಲ, ಮಾಲೀಕರು ಕೊಡಬೇಕಾದ ಪರಿಹಾರ. ಅಲ್ಲಿ ಲೆಕ್ಕ ಹಾಕುವುದು ದೇಹದ ನಷ್ಟವನ್ನಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಎನ್ನುವುದನ್ನು. ಕೋಷ್ಟಕವೂ ಬೇರೆ. ಗಾಯವಾಗಿ ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದರೆ ಆ ಕೋಷ್ಟಕದಲ್ಲಿ ಶೇ 40. ಅದೇ ಮನುಷ್ಯನ ಯುಡಿಐಡಿ ಕಾರ್ಡಿನಲ್ಲಿ ಶೇ 30. ಎರಡೂ ಸರಿ.

ಹಾಗಾಗಿ "ನಿನಗೆ 40 ಇಲ್ಲ, ಪರಿಹಾರವೂ ಇಲ್ಲ" ಎಂದು ತೋಟದ ರೈಟರ್ (ಗುಮಾಸ್ತ) ಹೇಳಿದರೆ ನಂಬಬೇಡಿ. ಪರಿಹಾರದ ಅರ್ಜಿ ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಕಡೆಗೆ, ನಾಡಕಚೇರಿಗೆ ಅಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಡಾನೆ ದಾಳಿಯಲ್ಲಿ ಶಾಶ್ವತವಾಗಿ ಅಂಗವಿಕಲರಾದವರಿಗೂ ಹೀಗೇ. ಅವರ ಪರಿಹಾರ ಅರಣ್ಯ ಇಲಾಖೆಯಿಂದ ಬರಬೇಕು, ಕಾರ್ಡ್ ಬೇರೆಯಾಗಿ ಮಾಡಿಸಿಕೊಳ್ಳಬೇಕು.

ವೇತನ ಸಿಗದಿದ್ದರೂ ಸಿಗುವಂಥವು

32,000ದ ಗೆರೆ ವೇತನಕ್ಕೆ ಮಾತ್ರ. ಅಲ್ಲಿ ಆಗಲಿಲ್ಲ ಎಂದು ಕಾರ್ಡನ್ನೇ ಮೂಲೆಗೆ ಹಾಕುವವರು ಬಹಳ ಕಳೆದುಕೊಳ್ಳುತ್ತಾರೆ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ತನಕ ಓಡಾಡಬಹುದು. ಪೂರ್ತಿ ದೃಷ್ಟಿ ಇಲ್ಲದವರಿಗೆ ಪಾಸ್ ಉಚಿತ. ಕೇಂದ್ರದ ಎಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿಯೊಳಗೆ ಇದ್ದರೆ ಸಾಧನ ಸಲಕರಣೆ ಪೂರ್ತಿ ಉಚಿತ. ಎಷ್ಟು ವ್ಯತ್ಯಾಸ ನೋಡಿ: ವೇತನಕ್ಕೆ ವರ್ಷಕ್ಕೆ 32,000, ಗಾಲಿಕುರ್ಚಿಗೆ ತಿಂಗಳಿಗೆ 22,500!

ಗ್ರಾಮ ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಖರ್ಚಾಗಬೇಕು. ಗ್ರಾಮಸಭೆಯಲ್ಲಿ ಎದ್ದು "ಈ ವರ್ಷ ಆ ದುಡ್ಡು ಯಾವುದಕ್ಕೆ ಹೋಯಿತು" ಎಂದು ಕೇಳಿ, ಪಿಡಿಓ ಉತ್ತರ ಕೊಡಲೇಬೇಕು. ಉನ್ನತ ಶಿಕ್ಷಣದಲ್ಲಿ ಶೇ 5 ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಇದೆ. ಇವಕ್ಕೆಲ್ಲ ಶೇ 40 ಸಾಕು. ಸಂಬಳದವರು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ತಮ್ಮ ಅಂಗವೈಕಲ್ಯಕ್ಕೆ ಅಥವಾ ತಮ್ಮನ್ನೇ ನಂಬಿರುವ ಕುಟುಂಬದವರದ್ದಕ್ಕೆ 75,000 ರೂಪಾಯಿ ಕಡಿತ ಕೇಳಬಹುದು, ಶೇ 80 ಮತ್ತು ಮೇಲ್ಪಟ್ಟರೆ 1,25,000.

ಆಗಲ್ಲ ಎಂದರೆ

ಬಾಯಿಮಾತಿನಲ್ಲಿ "ಆಗಲ್ಲ" ಎಂದದ್ದಕ್ಕೆ ಬೆಲೆ ಇಲ್ಲ. ಹಿಂಬರಹ ಕೇಳಿ. ಯಾಕೆ ತಿರಸ್ಕರಿಸಿದರು ಎಂದು ಬರವಣಿಗೆಯಲ್ಲಿ ಕೊಡಲೇಬೇಕು. ಕಾರಣ ಆದಾಯ ಎಂದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪರ್ಸೆಂಟ್ ಕಡಿಮೆ ಕೊಟ್ಟಿದ್ದಾರೆ ಅನ್ನಿಸಿದರೆ ತಹಶೀಲ್ದಾರರ ಹತ್ತಿರ ಹೋಗಿ ಪ್ರಯೋಜನವಿಲ್ಲ, ಅವರು ಅದನ್ನು ಬದಲಿಸಲಾರರು. 2016ರ ಕಾಯ್ದೆಯ 59ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಬೇಕು. ಎಲ್ಲಿಗೆ, ಹೇಗೆ ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಹೇಳುತ್ತಾರೆ. ಸುಳ್ಳು ದಾಖಲೆ ಕೊಟ್ಟು ಪರ್ಸೆಂಟ್ ಏರಿಸಿಕೊಡುತ್ತೇನೆ ಎನ್ನುವ ಬ್ರೋಕರ್‌ಗಳಿಂದ ದೂರ ಇರಿ. ಸಿಕ್ಕಿಬಿದ್ದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ಶಿಕ್ಷೆ ಆಗುವುದು ಸೌಲಭ್ಯ ಪಡೆದವರಿಗೆ.

ಪ್ರಮಾಣಪತ್ರದ ಮೇಲೆ "ತಾತ್ಕಾಲಿಕ" ಎಂದು ಬರೆದಿದ್ದರೆ ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿ. ಚಿಕಿತ್ಸೆಯಿಂದ ಬದಲಾಗಬಹುದಾದ ತೊಂದರೆಗಳಿಗೆ, ಚಿಕ್ಕ ಮಕ್ಕಳಿಗೆ ಹೀಗೆ ಕೊಡುತ್ತಾರೆ. ದಿನ ಮೀರಿದರೆ ಕಾರ್ಡ್ ನಡೆಯುವುದಿಲ್ಲ, ಅದರ ಹಿಂದೆಯೇ ವೇತನವೂ ನಿಲ್ಲಬಹುದು. ಮರುತಪಾಸಣೆಗೆ ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಹಾಗೆ ಹೋದಾಗ ಹಳೇ ಪ್ರಮಾಣಪತ್ರದ ಮೂಲ ಪ್ರತಿಯನ್ನು ಕೌಂಟರಿನಲ್ಲಿ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ, ಸ್ವೀಕೃತಿ ಚೀಟಿ ಇಸ್ಕೊಳ್ಳಿ.